ಯಾವಾಗಲೂ, ಕೆಲವೊಮ್ಮೆ, ಎಂದೂ ಇಲ್ಲ

ಧಾರವಾಡದಿಂದ ಬಂದ ಹುಡುಗಿ ಚಪ್ಪಲಿ ಹೊರಗೆ ಬಿಟ್ಟು
ಮಕ್ಕಳ ಕುರ್ಚಿಯಲ್ಲಿ ಮೊಣಕಾಲು ಮಡಚಿ ಕೂತಿದ್ದಾಳೆ.
ಅವಳಿಗೆ ಬೇಕಾದದ್ದು ಅವಳಿ.
ಬೈತಖೋಲದ ನಮ್ಮ ಅಂಗನವಾಡಿಯಲ್ಲಿ ಒಂದು ಜೊತೆ ಇದೆ,
ಉರ್ವಿ, ಪೂರ್ವಿ. ತಾಂಡೇಲರ ಮನೆಯವು.
ಒಂದೇ ಮೊಟ್ಟೆ ಒಡೆದು ಎರಡಾದದ್ದಂತೆ,
ಡಾಕ್ಟರು ಹೇಳಿದ್ದು, ನಾನಲ್ಲ.
ನನಗೆ ಗುರುತು ಉರ್ವಿಯ ಹುಬ್ಬಿನ ಗಾಯ.

ಪ್ರಶ್ನೆ ಒಂದು. ಬೇರೆ ಮಗು ಅತ್ತರೆ ಹತ್ತಿರ ಹೋಗುತ್ತಾಳೆಯೇ?
ಯಾವಾಗಲೂ, ಕೆಲವೊಮ್ಮೆ, ಎಂದೂ ಇಲ್ಲ.

ಯಾವ ತಿಂಗಳು ಅಂತ ಕೇಳಬೇಕಿತ್ತು, ತಂಗೀ.
ಜೂನು ಜುಲೈ ಬೋಟು ದಡ ಬಿಡುವುದಿಲ್ಲ,
ಅಪ್ಪಂದಿರು ಮನೆಯಲ್ಲಿ, ಸಾಲ ಅಂಗಡಿಯಲ್ಲಿ,
ಆಗ ಇಡೀ ಅಂಗನವಾಡಿ ಕಚ್ಚುತ್ತದೆ.
ಆಗಸ್ಟಿನ ಮೊದಲ ಬಲೆ ಬಿದ್ದ ವಾರ
ಯಾರ ಕೈ ಯಾರ ಹೆಗಲ ಮೇಲೋ.
'ಅದಕ್ಕೆ ಕಾಲಂ ಇಲ್ಲ' ಅಂದಳು.

ಪ್ರಶ್ನೆ ಏಳು. ತನ್ನದನ್ನು ಹಂಚಿಕೊಳ್ಳುತ್ತಾಳೆಯೇ?
ಮೊಟ್ಟೆಯ ದಿನ ಪೂರ್ವಿ ಮುರಿದು
ಮುಬೀನಾಳ ತಟ್ಟೆಗೆ ಹಾಕುತ್ತಾಳೆ, ಪ್ರತಿ ಸಲ.
ಹುಡುಗಿಯ ಬೆರಳು 'ಯಾವಾಗಲೂ' ಮೇಲೆ ಇಳಿಯುವಾಗ
ಒಲೆಯ ಹತ್ತಿರದಿಂದ ಶೇವಂತಿ ಅಂದಳು:
'ಅದಕ್ಕೆ ಹಳದಿ ಸೇರೂದಿಲ್ಲ ಅಕ್ಕೋರೇ. ಕೊಡೂದು ಹಳದಿ ಮಾತ್ರ.'
ಒಂದು ವರ್ಷದಿಂದ ಆ ಮಗುವನ್ನು ಹೊಗಳುತ್ತಿದ್ದೇನೆ.
ಹೊಗಳಿ ಹೊಗಳಿ ಅದೀಗ ಬಾಳೆಹಣ್ಣೂ ಮುರಿಯುತ್ತದೆ.
ಬಾಳೆಹಣ್ಣೆಂದರೆ ಅದಕ್ಕೆ ಪ್ರಾಣ.
ಇದನ್ನು ಎಲ್ಲಿ ಬರೆಯುತ್ತೀ?

ಉರ್ವಿ ಕೊಡುವುದಿಲ್ಲ. ಕೇಳಿದರೆ ತಿರುಗಿ ಕೂರುತ್ತಾಳೆ.
ಥೇಟ್ ಅಜ್ಜಿಯ ಬೆನ್ನು, ಎನ್ನುತ್ತಾರೆ ಓಣಿಯವರು.
ಸುಭದ್ರೆ ತಾಂಡೇಲ, ಹರಾಜಿನಲ್ಲಿ
ಬೆಲೆ ಇಳಿಸಿ ಕೂಗಿದವನಿಗೆ ಬೆನ್ನು ಕೊಟ್ಟು
ಬಂಗಡೆ ಬುಟ್ಟಿ ಹೊತ್ತು ನಡೆದೇ ಬಿಟ್ಟವಳು.
ಅವಳು ತೀರಿದ್ದು ಇವರು ಹುಟ್ಟುವ ಮೊದಲು.
ಅಷ್ಟು ದಿನ ಆ ಬೆನ್ನು ಎಲ್ಲಿ ಕಾಯುತ್ತಿತ್ತು?

'ಹಾಗಾದರೆ ಪೂರ್ವಿಗೂ ಅದೇ ಬೆನ್ನು ಇರಬೇಕಲ್ಲ?'
ಸರಿಯಾಗಿಯೇ ಕೇಳಿದಳು.
ಉರ್ವಿ ಹುಟ್ಟಿದ್ದು ಒಂಬತ್ತು ನಿಮಿಷ ತಡವಾಗಿ.
ಇಪ್ಪತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿ ಒಬ್ಬಳೇ,
ಪೂರ್ವಿ ಆಗ ಅಮ್ಮನ ಕಂಕುಳಲ್ಲಿ ಬೆಚ್ಚಗೆ.
ಅದೋ, ಇದೋ,
ಎರಡೂ ಅಲ್ಲವೋ, ನನಗೆ ಗೊತ್ತಿಲ್ಲ.

ಅಷ್ಟರಲ್ಲಿ ಅಂಗಳದಲ್ಲಿ ಮುಬೀನಾ ಬಿದ್ದಳು.
ಪೂರ್ವಿ ನನ್ನ ಮುಖ ನೋಡಿದಳು.
ಉರ್ವಿ ಹೋಗಿ ಪಕ್ಕದಲ್ಲಿ ನಿಂತಳು,
ಮುಟ್ಟಲಿಲ್ಲ, ಮಾತಾಡಲಿಲ್ಲ,
ಎಡಗೈ ಸೊಂಟದ ಮೇಲೆ, ಕತ್ತು ತುಸು ಓರೆ.
'ಅಯ್ಯ, ಥೇಟ್ ನೀವು ನಿಂತಂಗೆ!' ಶೇವಂತಿ ನಕ್ಕಳು.

ನಾನು ತಾಂಡೇಲರವಳಲ್ಲ, ಮಾಜಾಳಿಯ ಮಡಿವಾಳರವಳು.
ಆ ನಿಲುವು ನನ್ನದೂ ಅಲ್ಲ,
ಹಳ್ಳದಲ್ಲಿ ಊರಿನ ಚಾದರ ಹಿಂಡಿ
ನೆಟ್ಟಗಾಗಲು ಸೊಂಟ ಹಿಡಿಯುತ್ತಿದ್ದ ನನ್ನ ಆಯಿಯದು.
ಅವಳಿಗೆ ಅದು ನೋವು.
ನನಗೆ ಯಾವಾಗ ಅಭ್ಯಾಸವಾಯಿತೋ,
ಈ ಮಗು ಯಾವಾಗ ನೋಡಿಕೊಂಡಿತೋ.

ಹುಡುಗಿ ಟ್ಯಾಬು ಎತ್ತಿದಳು, ಮತ್ತೆ ತೊಡೆಯ ಮೇಲಿಟ್ಟಳು.
ಮುಬೀನಾ ಇನ್ನೂ ಅಳುತ್ತಿದ್ದಳು.
ನಾನೇ ಎದ್ದು ಹೋದೆ.