ಹನ್ನೊಂದು ದಿನದ ಲೆಕ್ಕ

ಬೀಗ ಒಡೆಯುವ ಕಳ್ಳರು ಪೀಣ್ಯಕ್ಕೆ ಹೊಸಬರಲ್ಲ.
ತಾಮ್ರದ ತಂತಿ, ಮೋಟರು, ಒಮ್ಮೆ ಗೇಟನ್ನೇ ಹೊತ್ತೊಯ್ದಿದ್ದರು,
ಗೇಟಿಗೆ ಹಾಕಿದ್ದ ಬೀಗದ ಸಮೇತ.
ಈ ಸಲದವನು ಏನನ್ನೂ ಒಯ್ಯಲಿಲ್ಲ.
ತನ್ನದೇ ಬೀಗ ತಂದು
ನಮ್ಮ ಪೆಟ್ಟಿಗೆಗೆ ಹಾಕಿ
ಕೀಲಿಗೆ ಬೆಲೆ ಹೇಳಿದ.

ಸೋಮವಾರ, ಒಂಬತ್ತೂಕಾಲು.
ಫ್ಯಾನು ಹಾಕಿ, ಕುಂಕುಮದ ಬೊಟ್ಟಿಟ್ಟ ಮಾನಿಟರಿನ ಮುಂದೆ ಕೂತೆ.
ಜಿಎಸ್‌ಟಿ, ಡ್ರಾಯಿಂಗು, ಇಪ್ಪತ್ತಾರು ಜನರ ಓಟಿ,
ಬ್ರೇಕಿನ ಸ್ಪ್ರಿಂಗು, ಮಿಕ್ಸಿ ಸ್ವಿಚ್ಚಿನ ಸ್ಪ್ರಿಂಗು, ಅಳತೆಗಳೆಲ್ಲ
ಬಿಳಿ ಚೌಕಗಳಾಗಿ ಸಾಲಾಗಿ ಮಲಗಿದ್ದವು,
ಹೆಸರಿನ ಬಾಲಕ್ಕೆ ಯಾವುದೋ ಐದಕ್ಷರ ಅಂಟಿಸಿಕೊಂಡು.

ಒಂದು ಚೀಟಿ. ಎಷ್ಟು ಮರ್ಯಾದೆ!
ಹದಿನೆಂಟು ವರ್ಷದಲ್ಲಿ ಯಾವ ಬ್ಯಾಂಕೂ ನಮಗೆ
ಅಷ್ಟು ಸಲ ದಯವಿಟ್ಟು ಅಂದಿರಲಿಲ್ಲ.
ಕೈಗೆ ಸಿಗದ ನಾಣ್ಯದಲ್ಲಿ ಇಪ್ಪತ್ತೆರಡು ಲಕ್ಷ,
ಎಪ್ಪತ್ತೆರಡು ಗಂಟೆ. ಮೂಲೆಯಲ್ಲಿ ಇಳಿಯುವ ಗಡಿಯಾರ.

"ನಮ್ಮ ಹತ್ರ ಕದಿಯೋಕೆ ಏನಮ್ಮ ಇದೆ, ಸ್ಪ್ರಿಂಗಾ?"
ಅಂತಿದ್ದರು ಷಣ್ಮುಗಂ ಸರ್ ಪ್ರತಿ ಸಲ,
ನಾನು ಬ್ಯಾಕಪ್ಪಿಗೆ ದುಡ್ಡು ಕೇಳಿದಾಗ.
ಈಗ ಗಾಜಿನ ಕ್ಯಾಬಿನ್ನಿನಲ್ಲಿ ನಿಂತೇ ಇದ್ದರು,
ಕುರ್ಚಿಗೂ ಬೀಗ ಬಿದ್ದಿದೆ ಅನ್ನೋ ಹಾಗೆ.

ಇಲಿಯಾಸ್ ಮಾತ್ರ ಓಡಿದ. ಬೆಂಕಿ ಬಿದ್ದಾಗ ಮೈನ್ ಇಳಿಸುವವನು,
ನೀಲಿ ವೈರುಗಳನ್ನೆಲ್ಲ ಬೇರು ಸಹಿತ ಕಿತ್ತ.
ಡಿಸ್‌ಪ್ಯಾಚಿನ ಮುದಿ ಕಂಪ್ಯೂಟರಿಗೆ ಏನೂ ಆಗಿರಲಿಲ್ಲ:
ಅದರ ವೈರನ್ನು ಆಯುಧಪೂಜೆ ಹೊತ್ತಿಗೇ ಇಲಿ ಕಡಿದಿತ್ತು,
ರಿಪೇರಿ ಮಾಡಿಸಿ ಅಂತ ನಾನೇ ಮೂರು ಸಲ ಬರೆದುಕೊಟ್ಟಿದ್ದೆ.

ಮತ್ತೆ, ನನ್ನ ಊಟದ ಚೀಲದ ಡಿಸ್ಕು.
ದಿನಾ ಸಂಜೆ ಕಾಪಿ ತೆಗೆದು, ಕಿತ್ತು,
ಟಿಫಿನ್ ಡಬ್ಬಿಯ ಪಕ್ಕ ಇಟ್ಟು ದಾಸರಹಳ್ಳಿಗೆ ಒಯ್ಯುತ್ತಿದ್ದೆ.
ಹುಡುಗರು ನಗೋರು: ಅಕ್ಕ ಫ್ಯಾಕ್ಟ್ರಿನೇ ಪಾರ್ಸಲ್ ತಗೊಂಡು ಹೋಗ್ತಾರೆ.
ಉಪ್ಪಿನಕಾಯಿ ವಾಸನೆಯ ಆ ಡಿಸ್ಕಿನಲ್ಲಿ
ಹದಿನೆಂಟು ವರ್ಷ ಇತ್ತು, ಹನ್ನೊಂದು ದಿನ ಇರಲಿಲ್ಲ.
ತಂಗಿಯ ಹೆರಿಗೆ. ನನಗೆ ರಜೆ.
ಡಿಸ್ಕಿಗೂ ರಜೆ, ಮನೆಯಲ್ಲಿ ಅಕ್ಕಿ ಡಬ್ಬದ ಮೇಲೆ.

ಇನ್ನೊಂದು ಹೇಳಬೇಕು. ಹೇಳದೆ ಈ ಲೆಕ್ಕ ಟ್ಯಾಲಿ ಆಗಲ್ಲ.
ರಜೆ ಮುಗಿಸಿ ಬಂದ ಶನಿವಾರ,
ಕಾದು ಕೂತಿದ್ದ ಮುನ್ನೂರು ಮೇಲುಗಳಲ್ಲಿ
ಹೊಸೂರಿನ ತಂತಿಯವರ ಬಿಲ್ಲೊಂದಿತ್ತು.
ಅವರ ಹೆಸರಲ್ಲಿ ಒಂದಕ್ಷರ ಹೆಚ್ಚು.
ತೆರೆದವಳು ನಾನೇ.

ಸರ್‌ಗೆ ಹೇಳಿದೆ. ತುಂಬ ಹೊತ್ತು ಸುಮ್ಮನಿದ್ದು
"ನನಗೆ ಬಂದಿದ್ರೆ ಎರಡು ಸಲ ಒತ್ತಿರ್ತಿದ್ದೆ" ಅಂದರು.

ದುಡ್ಡು ಕೊಡಲಿಲ್ಲ. ಕೊಟ್ಟರೆ ಕೀಲಿ ಸಿಗುತ್ತದೆಂದು
ಯಾರೂ ಆಣೆ ಮಾಡಿ ಹೇಳಲಿಲ್ಲ.
ಪೊಲೀಸರಿಗೆ ದೂರು ಬರೆದುಕೊಟ್ಟು, ಎಲ್ಲ ಅಳಿಸಿ, ಡಿಸ್ಕಿನಿಂದ ತುಂಬಿಸಿ
ಹನ್ನೊಂದು ದಿನಗಳನ್ನು ಹುಡುಕಲು ಹೊರಟೆವು.
ತೂಕದ ಚೀಟಿ, ಗೇಟಿನ ಪುಸ್ತಕ, ಟೆಂಪೊ ಮುನಿಶಾಮಿಯ ನೆನಪು.
ಯಾವ ರಾತ್ರಿ ಯಾರು ಓಟಿ ಮಾಡಿದರೆಂದು
ಟೀ ಅಂಗಡಿ ಚಿಕ್ಕೀರಮ್ಮನ ಸಾಲದ ನೋಟ್‌ಬುಕ್ಕು ಸಾಕ್ಷಿ ಹೇಳಿತು:
ಗುರುವಾರ, ಹನ್ನೊಂದೂವರೆ, ಏಳು ಟೀ, ಎರಡು ಬನ್ನು.
ಆ ಎರಡನೇ ಬನ್ನು ಯಾರದೆಂದು ಇವತ್ತಿಗೂ ತಿಳಿದಿಲ್ಲ.

ಈಗ ಡಿಸ್ಕು ಎರಡು. ನನಗೆ ರಜೆಯಿದ್ದರೆ ಇಲಿಯಾಸ್ ಒಯ್ಯುತ್ತಾನೆ.
ಶುಕ್ರವಾರ ಯಾವುದಾದರೊಂದು ಹಳೇ ಬಿಲ್ಲು ಹೊರತೆಗೆದು ನೋಡುತ್ತೇನೆ,
ತುಪ್ಪ ಕೆಟ್ಟಿದೆಯಾ ಅಂತ ಮೂಸುವ ಹಾಗೆ.
ಇಲಿ ಕಡಿದ ವೈರಿನ ಬಗ್ಗೆ ಮತ್ತೆ ಬರೆದುಕೊಟ್ಟಿಲ್ಲ.
ಬಿಲ್ಲು ಬಂದರೆ ಮೊದಲು ಹೊಸೂರಿಗೆ ಫೋನು:
"ಅಣ್ಣಾ, ನೀವೇನಾ ಕಳಿಸಿದ್ದು?"
ಮೊದಮೊದಲು ರೇಗುತ್ತಿದ್ದರು. ಈಗ
ಮಂಡಿನೋವು, ಮಗಳ ಪ್ಲಸ್ ಟೂ, ತಂತಿಯ ರೇಟು ಎಲ್ಲ ಹೇಳಿ
ಕೊನೆಗೆ, ಹ್ಞೂಂ, ನಂದೇ ಅನ್ನುತ್ತಾರೆ.
ಆಮೇಲೆ ಒತ್ತುತ್ತೇನೆ.