ಕೋರೆ

ಒಣ ಬಂಗಡೆ ಜಗಿಯುವಾಗ ಕಳಚಿಬಿತ್ತು
ಶೇವಂತಿ ತಾಂಡೇಲಳ ಬಲಗಡೆಯ ಹಾಲುಹಲ್ಲು,
ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ.

ಕಾರವಾರದ ಡಾಕ್ಟರು ಫಿಲ್ಮು ಬೆಳಕಿಗೆ ಹಿಡಿದರು:
ಅಲ್ಲಿ ಮೂಡಬೇಕಿದ್ದ ಕೋರೆ
ಗದ್ದದ ಮೂಳೆಯೊಳಗೇ ನಡುಗೆರೆ ದಾಟಿ
ಎಡದ ಬೇರುಗಳ ಕೆಳಗೆ ಅಡ್ಡ ಮಲಗಿದೆ,
ಮಳೆಗಾಲಕ್ಕೆ ಮೇಲೆಳೆದಿಟ್ಟ ಪಾತಿದೋಣಿ.

ಯಾವಾಗ ಹೊರಟಿತ್ತು ಇದು?
ಹನ್ನೆರಡು ಹದಿಮೂರರಲ್ಲಿರಬೇಕು, ಅಂದರು.
ಅರಗಾ ಬಿಟ್ಟ ವರ್ಷ.
ಟೆಂಪೋದಲ್ಲಿ ಬಲೆ, ಒರಳು, ಒರಳಿನ ಮೇಲೆ ಅಜ್ಜಿ.

"ನೋವಿಲ್ಲದಿದ್ದರೆ ಇರಲಿ ಬಿಡಿ.
ತೆಗೆಯುವುದಾದರೆ ಮರಗಟ್ಟಿಸುವ ಸೂಜಿ ಬಲಕ್ಕೇ.
ಎಷ್ಟು ದೂರ ಹೋದರೂ
ಅದರ ನರ ಹುಟ್ಟಿದ ಕಡೆಯದೇ."

ಉದುರಿದ ಹಲ್ಲು ಸೆರಗಿನ ಗಂಟಿನಲ್ಲಿ.
ಹೆಂಚಿನ ಮೇಲೆ ಎಸೆಯಬೇಕಂತೆ;
ಕಾಲೊನಿಯದು ಸ್ಲ್ಯಾಬು.
ಬಸ್ಸು ಅರಗಾದ ಉದ್ದ ಗೋಡೆಯ ಪಕ್ಕ ಹಾಯುವಾಗ
ನಾಲಿಗೆ ತಾನಾಗಿ
ಬಲದ ಖಾಲಿಗೆ ಹೋಗಿ ನಿಂತಿತು.