ನಲವತ್ತರ ನೀರು

ಮೊದಲು ಸ್ಪಿರಿಟ್ಟಿನಲ್ಲಿ ಕರಗಿಸಬೇಕು,
ನೇರ ನೀರಿಗೆ ಹಾಕಿದರೆ ಒಲ್ಲೆನ್ನುತ್ತದೆ ಪುಡಿ.
ಒಂದೇ ಗ್ರಾಂ, ಚಿಟಿಕೆಯಲ್ಲಿ ಹಿಡಿಯುವಷ್ಟು.
ಇಪ್ಪತ್ತೈದು ಲೀಟರಿಗೆ ಅಷ್ಟು ಸಾಕು.
ಪಿಪಿಎಂ ಎಂದರೆ ನಾಲಿಗೆ ಹೊರಳದ ನಾರೆಮ್ಮ
ಇಟ್ಟ ಹೆಸರು: ನಲವತ್ತರ ನೀರು.

ಪುಷ್ಯದ ಚಳಿ. ನಂದಿಬೆಟ್ಟ ಇನ್ನೂ ಮುಸುಕು ತೆಗೆದಿಲ್ಲ.
ಚಪ್ಪರದಡಿ ಹದಿನಾಲ್ಕು ಹೆಂಗಸರು, ಹದಿನಾಲ್ಕು ಮಗ್ಗು.
ದ್ರಾಕ್ಷಿ ಈಗ ಜೋಳದ ಕಾಳಿನ ಗಾತ್ರ.
ಮಗ್ಗು ಎತ್ತಿ, ಗೊಂಚಲು ಪೂರ್ತಿ ಮುಳುಗಿಸಿ,
ಇಳಿಸಿ, ತಂತಿಗೊಂದು ಏಟು.
ತುದಿಗೆ ಹನಿ ನಿಂತರೆ ಕಲೆ ಕೂರುತ್ತದೆ.

‘ಇದು ಗೊಬ್ಬರವಾ ಸಾ, ಔಸ್ದಿಯಾ?’
ಎರಡೂ ಅಲ್ಲ.
‘ಮತ್ತೆ?’
ಜಿಬ್ಬರೆಲಿನ್, ಅಂತ ಡಿಪ್ಲೊಮಾ ಬಾಯಿಗೆ ಬಂತು.
ನುಂಗಿಕೊಂಡೆ.

ಬೀಜದ ಹಣ್ಣಿನಲ್ಲಿ ಬೀಜವೇ ಒಳಗೆ ಕೂತು
ಹಿಗ್ಗು, ಇನ್ನೂ ಹಿಗ್ಗು, ಎನ್ನುತ್ತಿರುತ್ತದೆ.
ಇವುಗಳ ಬೀಜ ಚುಕ್ಕೆಯಾಗಿದ್ದಾಗಲೇ ಬತ್ತಿತು.
ಒಳಗಿಂದ ಹೇಳುವವರಿಲ್ಲ,
ನಾವು ಹೊರಗಿಂದ ಹೇಳುತ್ತಿದ್ದೇವೆ.
ಅನ್ನ ಎಲೆಯದು, ನೀರು ಬೇರಿನದು,
ಈ ಮಗ್ಗಿನಲ್ಲಿರುವುದು ಬರೀ ಮಾತು.

ಅವಳು ಇಣುಕಿದಳು.
ಮಾತು ಕಾಣಲಿಲ್ಲ, ಅವಳದೇ ಮೂಗುಬೊಟ್ಟು ಅಲ್ಲಾಡಿತು.

‘ಒಂದು ಹನಿ ಹೆಪ್ಪು ಚೊಂಬು ಹಾಲಿಗೆಲ್ಲ ಹೇಳ್ತದಲ್ಲ, ಹಂಗಾ?’
ಹೆಚ್ಚುಕಡಿಮೆ ಹಂಗೇ, ಎಂದೆ.
ಪೂರ್ತಿ ಹಂಗಲ್ಲ, ಆದರೆ ನನ್ನ ಪುಸ್ತಕದಲ್ಲಿ
ಇದಕ್ಕಿಂತ ಹತ್ತಿರದ್ದು ಇರಲಿಲ್ಲ.

ಇನ್ನೊಂದೂ ಹೇಳಿದೆ:
ಎಲ್ಲೋ ದೂರದ ದ್ವೀಪದ ಭತ್ತದ ಗದ್ದೆಯಲ್ಲಿ
ಒಂದು ಬೂಷ್ಟು ಪೈರಿಗೆ ಇದೇ ಮಾತು ಕಲಿಸಿತಂತೆ.
ಪೈರು ತೆನೆ ಮರೆತು, ಕಾಂಡದ ಬಲ ಮರೆತು,
ಉದ್ದಕ್ಕೆ ಉದ್ದಕ್ಕೆ ಹೋಗಿ
ಒಂದು ದಿನ ಮಲಗಿಬಿಟ್ಟಿತಂತೆ.
‘ಜಾಸ್ತಿ ಹೊಗಳಿದ್ರೆ ಹಂಗೇಯ,’
ಮುಂದಿನ ಗೊಂಚಲಿಗೆ ಹೋದಳು.

ಮಾರನೆಯ ದಿನದಿಂದ ಮುಳುಗಿಸುವಾಗೆಲ್ಲ
ತುಟಿ ಅಲ್ಲಾಡುತ್ತದೆ. ಕೇಳಿದರೆ ‘ಲೆಕ್ಕ’ ಅಂತಾಳೆ.
ಸಾಲಿನ ಆಚೆ ನಿಂತು ಕೇಳಿಸಿಕೊಂಡೆ,
ಮನೆಮಾತಿನ ತೆಲುಗಿನಲ್ಲಿ: ಪೆರುಗು, ಪೆರುಗು.
ಬೆಳೆ ಎನ್ನಲೂ ಅದೇ, ಮೊಸರಿಗೂ ಅದೇ.

ಕೊಯ್ಲಿನ ದಿನ ಕ್ರೇಟು ತುಂಬ
ಒಂದೇ ಅಳತೆಯ, ನೀಳ, ಗಾಜಿನಂಥ ಹಣ್ಣು.
ಒಂದು ಎಲೆಯ ಹಿಂದೆ, ಯಾರ ಮಗ್ಗೂ ತಲುಪದೆ
ಉಳಿದದ್ದೊಂದು ಗೊಂಚಲು, ಒತ್ತೊತ್ತಾಗಿ,
ಕಾಳುಮೆಣಸಿಗಿಂತ ಚೂರು ದಪ್ಪ.
‘ಇದನ್ನ ಯಾರೂ ಮಾತಾಡ್ಸೇ ಇಲ್ವಲ್ಲ ಸಾ.’

ತೂಕಕ್ಕೆ ಹಾಕಲಿಲ್ಲ.
ಸೆರಗಿಗೆ ಸುರಿದುಕೊಂಡು ಒಂದು ಬಾಯಿಗೆ ಹಾಕಿದಳು.
ಹೇಗಿದೆ, ಎಂದೆ.
ಹೇಳಲಿಲ್ಲ.
ಇನ್ನೊಂದು ಹಾಕಿಕೊಂಡಳು.